ಕರೆಂಟು ಹೋಗದ ಊರಿನ ಬ್ಯಾಟರಿ

ಹಳೆಯ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ ಎಂದ ಕೂಡಲೇ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಕಿಲ್ಲ. ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಯವರೆಗಿನ ದಾರಿಯಲ್ಲಿ ದೋಷ ಎಲ್ಲಿ ಕೂತಿದೆ ಎಂದು ಮನೆಯಲ್ಲೇ ಹುಡುಕಬಹುದು.

ಮುಂಬಯಿಯಲ್ಲಿ ಕರೆಂಟು ಹೋದರೆ ಅದು ಸುದ್ದಿ. 2020ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಇಡೀ ಮಹಾನಗರ ಕತ್ತಲಾದಾಗ ಲೋಕಲ್ ರೈಲುಗಳು ಇದ್ದಲ್ಲೇ ನಿಂತವು, ಸಿಗ್ನಲ್ಲುಗಳು ಆರಿದವು, ದೇಶದ ಚಾನೆಲ್ಲುಗಳೆಲ್ಲ ಅದನ್ನೇ ತೋರಿಸಿದವು. ರಾಜ್ಯದ ಗ್ರಿಡ್ ಕುಸಿದರೂ ನಗರ ತನ್ನ ಸುತ್ತಲಿನ ವಿದ್ಯುತ್ ಕೇಂದ್ರಗಳ ಬಲದಿಂದ ಪ್ರತ್ಯೇಕವಾಗಿ ಉಳಿಯಲಿ ಎಂದು ಮಾಡಿಕೊಂಡಿರುವ ‘ಐಲ್ಯಾಂಡಿಂಗ್’ ವ್ಯವಸ್ಥೆ ಇಲ್ಲಿ 1981ರಿಂದಲೂ ಇದೆ. ಅಂದು ಅದೂ ಕೈಕೊಟ್ಟಿತು. ಕೊರೊನಾ ಕಾಲ, ಮನೆಯೇ ಕಚೇರಿ, ಮನೆಯೇ ಶಾಲೆ. ಬ್ಯಾಟರಿ ಗಟ್ಟಿ ಇದ್ದ ಲ್ಯಾಪ್‌ಟಾಪುಗಳು ಕೆಲಸ ಮುಂದುವರಿಸಿದವು. ವರ್ಷಗಟ್ಟಲೆ ಚಾರ್ಜರಿಗೆ ಜೋತುಬಿದ್ದಿದ್ದಂಥವು ಅದೇ ಕ್ಷಣ ಆರಿಹೋದವು.

ನಮ್ಮ ನಗರದ ಲ್ಯಾಪ್‌ಟಾಪುಗಳ ವಿಚಿತ್ರ ಇರುವುದು ಇಲ್ಲೇ. ಊರಲ್ಲಿ, ಅಂದರೆ ಕುಂದಾಪುರದಲ್ಲೋ ಇಂಡಿಯಲ್ಲೋ, ಮಳೆಗಾಳಿಗೆ ದಿನಕ್ಕೊಮ್ಮೆ ಕರೆಂಟು ಹೋಗುತ್ತದೆ. ಬ್ಯಾಟರಿ ಸೊರಗಿದ್ದರೆ ಆ ವಾರವೇ ತಿಳಿಯುತ್ತದೆ. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಹಾಗಲ್ಲ. ಕೊಲಾಬಾದಿಂದ ಸಾಯನ್, ಮಾಹಿಮ್‌ವರೆಗಿನ ದ್ವೀಪನಗರಕ್ಕೆ ಕರೆಂಟು ಕೊಡುವುದು ಬೆಸ್ಟ್ ಸಂಸ್ಥೆ. ಸಿಜಿಎಸ್ ಕಾಲನಿಯ ಕ್ವಾರ್ಟರ್ಸ್ ಇರಲಿ, ಕಾಣೆ ನಗರದ ಕಟ್ಟಡವಿರಲಿ, ಸಂಗಮ್ ನಗರದ ಖೋಲಿ ಇರಲಿ, ಎಲ್ಲರ ಬಿಲ್ಲೂ ಅಲ್ಲಿಂದಲೇ ಬರುತ್ತದೆ, ದೀಪವೂ ಹೆಚ್ಚುಕಡಿಮೆ ಯಾವಾಗಲೂ ಉರಿಯುತ್ತದೆ. ಹಾಗಾಗಿ ಲ್ಯಾಪ್‌ಟಾಪು ಇಪ್ಪತ್ತನಾಲ್ಕು ಗಂಟೆಯೂ ಸಾಕೆಟ್ಟಿಗೆ ಅಂಟಿಕೊಂಡೇ ಇರುತ್ತದೆ. ಸದಾ ನೂರಕ್ಕೆ ನೂರು ತುಂಬಿಕೊಂಡು, ಸೆಕೆಯಲ್ಲಿ ಬೇಯುತ್ತಾ ಕೂತಿರುವ ಬ್ಯಾಟರಿ ಬೇಗ ಮುದಿಯಾಗುತ್ತದೆ. ಮುದಿಯಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟು ಹೋಗದ ಊರಿನಲ್ಲಿ ಬ್ಯಾಟರಿ ಹೇಳದೇ ಕೇಳದೇ ಸಾಯುತ್ತದೆ.

ಈಗ ಈ ಮಾತು ಎತ್ತಲು ಇನ್ನೊಂದು ಕಾರಣವೂ ಇದೆ. 2020–21ರ ಆನ್‌ಲೈನ್ ಕ್ಲಾಸುಗಳಿಗೆಂದು ಸಾಲ ಮಾಡಿ, ಕಂತು ಕಟ್ಟಿ ಕೊಂಡ ಲ್ಯಾಪ್‌ಟಾಪುಗಳಿಗೆ ಈಗ ಐದು ವರ್ಷ ದಾಟಿದೆ. ಅಣ್ಣನ ಡಿಗ್ರಿ ಮುಗಿದು ಯಂತ್ರ ತಂಗಿಯ ಕೈಗೆ ಬಂದಿದೆ. ಪರದೆ ಚೆನ್ನಾಗಿದೆ, ಕೀಬೋರ್ಡಿನ ಒಂದೆರಡು ಅಕ್ಷರ ಅಳಿಸಿದೆ, ಉಳಿದಂತೆ ಓಡುತ್ತಿದೆ. ತೊಂದರೆ ಎಲ್ಲ ಚಾರ್ಜಿನದ್ದೇ. ಅಂಗಡಿಗೆ ಒಯ್ದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ‘ಬ್ಯಾಟರಿ ಗಯಾ, ನಯಾ ಡಾಲ್ನಾ ಪಡೇಗಾ.’

ಹೋಗಿರಲೂಬಹುದು. ಆದರೆ ಗೋಡೆಯಿಂದ ಹೊರಟ ಕರೆಂಟು ಬ್ಯಾಟರಿ ಸೇರುವ ಮುಂಚೆ ಸಾಕೆಟ್, ಅಡಾಪ್ಟರ್, ಅದರ ವಯರು, ಪಿನ್ನು, ಲ್ಯಾಪ್‌ಟಾಪಿನ ಜ್ಯಾಕ್, ಒಳಗಿನ ಚಾರ್ಜಿಂಗ್ ಸರ್ಕ್ಯೂಟ್ ಇಷ್ಟನ್ನೂ ದಾಟಬೇಕು. ಬ್ಯಾಟರಿ ಈ ಸಾಲಿನ ಕೊನೆಯ ಗಿರಾಕಿ, ದುಬಾರಿ ಗಿರಾಕಿಯೂ ಹೌದು. ಹುಡುಕುವುದನ್ನು ಕಾಸು ಖರ್ಚಿಲ್ಲದ ತುದಿಯಿಂದ ಶುರು ಮಾಡುವುದೇ ಜಾಣತನ.

ಮೊದಲು ಗೋಡೆ

ಚಾರ್ಜರನ್ನು ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಕಿತ್ತು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಅಡುಗೆಮನೆಯ ಮಿಕ್ಸರ್ ಪಾಯಿಂಟಿಗೂ ಒಮ್ಮೆ ಹಾಕಿ ನೋಡಿ. ಇದು ಹೇಳಬೇಕಾದ ಮಾತೇ ಎನಿಸಬಹುದು. ಆದರೆ ಒಂದೇ ಕೋಣೆಯ ಮನೆಯಲ್ಲಿ ಟಿವಿ, ಫ್ಯಾನು, ಮೂರು ಮೊಬೈಲು, ಲ್ಯಾಪ್‌ಟಾಪು ಎಲ್ಲವೂ ಒಂದೇ ಬಾಕ್ಸಿಗೆ ನೇತಾಡುವಾಗ ಅದರ ಹಿತ್ತಾಳೆ ಪಟ್ಟಿ ಸಡಿಲವಾಗುವುದು ಸಹಜ. ಪಿನ್ನು ಗಟ್ಟಿಯಾಗಿ ಕೂರದಿದ್ದರೆ ಚಾರ್ಜು ಬಿಟ್ಟು ಬಿಟ್ಟು ಬರುತ್ತದೆ, ಸಾಕೆಟ್ ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟುತ್ತದೆ. ಕಂದು ಕಲೆ ಕಂಡರೆ ಆ ಸಾಕೆಟ್ ಬದಲಿಸಿ. ಲ್ಯಾಪ್‌ಟಾಪಿನ ವಿಚಾರ ಆಮೇಲೆ.

ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಚುರುಚುರು ಅನ್ನುತ್ತದೆ ಎಂಬ ದೂರು ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಅಡಾಪ್ಟರಿನ ಒಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಸೋರುವ ಅತಿ ಕಿರಿದಾದ ಕರೆಂಟು ಅರ್ಥಿಂಗ್ ವಯರಿನಲ್ಲಿ ಹರಿದುಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿದ್ದರೆ, ಅದು ನಿಮ್ಮ ಬೆರಳಿನ ದಾರಿ ಹಿಡಿಯುತ್ತದೆ. ಚುರುಚುರು ಜೋರಾಗಿದ್ದರೆ ಎಲೆಕ್ಟ್ರಿಶಿಯನ್‌ರನ್ನು ಕರೆಸಿ ಅರ್ಥಿಂಗ್ ನೋಡಿಸುವುದು ಲ್ಯಾಪ್‌ಟಾಪಿಗಿಂತ ಮನೆಯವರಿಗಾಗಿ ಮಾಡಬೇಕಾದ ಕೆಲಸ.

ಅಡಾಪ್ಟರಿನ ಬೆನ್ನು ಓದಿ

ಅಡಾಪ್ಟರನ್ನು ಮಗುಚಿ ಹಾಕಿ. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಸಣ್ಣಕ್ಷರಗಳಿವೆ. ‘ಇನ್‌ಪುಟ್’ ಸಾಲಿನಲ್ಲಿ 100–240 ವೋಲ್ಟ್ ಎಂದಿರುತ್ತದೆ. ಗೋಡೆಯಲ್ಲಿ 230 ಇರಲಿ, ಊರಿಗೆ ಹೋಗುವ ರೈಲಿನ ಬೋಗಿಯಲ್ಲಿ 110 ಇರಲಿ, ಎರಡನ್ನೂ ಅದು ತಾಳಿಕೊಳ್ಳುತ್ತದೆ. ನಿಮಗೆ ಮುಖ್ಯವಾದದ್ದು ‘ಔಟ್‌ಪುಟ್’ ಸಾಲು. ಅಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂದಿದೆ ಅಂದುಕೊಳ್ಳಿ. ಎರಡನ್ನೂ ಗುಣಿಸಿದರೆ ಸುಮಾರು 65 ವಾಟ್. ನಿಮ್ಮ ಲ್ಯಾಪ್‌ಟಾಪು ಕೇಳುವುದು ಅಷ್ಟೇ ಶಕ್ತಿಯನ್ನು.

ವೋಲ್ಟ್ ಕಂಪನಿ ಹೇಳಿದಷ್ಟೇ ಇರಬೇಕು. ವಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೆ ಆಟ ಶುರು. 65 ವಾಟಿನ ಯಂತ್ರಕ್ಕೆ ಪಕ್ಕದ ಮನೆಯ 45 ವಾಟಿನ ಚಾರ್ಜರ್ ಹಾಕಿದರೆ ಪಿನ್ನು ಸರಿಯಾಗಿ ಕೂತರೂ ಬ್ಯಾಟರಿ ಏರುವುದಿಲ್ಲ, ಅಥವಾ ಯಂತ್ರ ಆಫ್ ಮಾಡಿದಾಗ ಮಾತ್ರ ಏರುತ್ತದೆ. ವಿಡಿಯೋ ಕಾಲಿನ ನಡುವೆ ಚಾರ್ಜರ್ ಹಾಕಿದ್ದರೂ ಶೇಕಡಾ ಇಳಿಯುತ್ತಾ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಡೆಲ್, ಎಚ್‌ಪಿ ಮುಂತಾದ ಕಂಪನಿಗಳ ದುಂಡು ಪಿನ್ನಿನ ಚಾರ್ಜರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಿನ್ನಿನ ತೂತಿನೊಳಗೆ ಇಣುಕಿದರೆ ನಟ್ಟನಡುವೆ ಸೂಜಿಯಂಥ ತೆಳು ಕಡ್ಡಿ ಕಾಣುತ್ತದೆ. ಅದು ಕರೆಂಟು ಸಾಗಿಸುವ ಕಡ್ಡಿಯಲ್ಲ. ‘ನಾನು ಇಂಥ ಕಂಪನಿಯ, ಇಷ್ಟು ವಾಟಿನ ಚಾರ್ಜರ್’ ಎಂದು ಯಂತ್ರಕ್ಕೆ ಗುರುತು ಹೇಳುವುದು ಅದರ ಕೆಲಸ. ಆ ಕಡ್ಡಿ ಬಾಗಿದರೆ, ಅಥವಾ ವಯರಿನೊಳಗೆ ಅದಕ್ಕೆ ಸೇರಿದ ಕೂದಲೆಳೆ ತುಂಡಾದರೆ, ಲ್ಯಾಪ್‌ಟಾಪು ಚಾರ್ಜರಿನಿಂದ ಓಡುತ್ತದೆ, ಬ್ಯಾಟರಿಗೆ ಮಾತ್ರ ಹನಿ ಕರೆಂಟನ್ನೂ ಕೊಡುವುದಿಲ್ಲ. ಕೆಲವು ಯಂತ್ರಗಳು ಆನ್ ಮಾಡುವಾಗಲೇ ‘ಅಡಾಪ್ಟರ್ ಯಾವ ಬಗೆಯದೆಂದು ತಿಳಿಯಲಿಲ್ಲ’ ಎಂದು ಪರದೆಯ ಮೇಲೆ ಹೇಳಿಬಿಡುತ್ತವೆ. ಅದನ್ನು ಓದದೇ ಎಂಟರ್ ಒತ್ತಿ ಮುಂದೆ ಹೋಗುವುದು ನಮ್ಮ ಅಭ್ಯಾಸ. ಇಂಥ ಕಡೆ ಹೊಸ ಬ್ಯಾಟರಿ ಹಾಕಿದರೂ ಅದು ಚಾರ್ಜ್ ಆಗದು. ಬದಲಿಸಬೇಕಾದದ್ದು ಚಾರ್ಜರು.

ವಯರು ಒಳಗೇ ತುಂಡಾಗುವುದು ಸಾಮಾನ್ಯವಾಗಿ ಎರಡು ಜಾಗಗಳಲ್ಲಿ: ಅಡಾಪ್ಟರಿನ ಪೆಟ್ಟಿಗೆಯಿಂದ ಹೊರಬರುವಲ್ಲಿ, ಪಿನ್ನಿನ ಕುತ್ತಿಗೆಯಲ್ಲಿ. ಚಾರ್ಜರಿನ ದೀಪ ನೋಡುತ್ತಾ ಆ ಎರಡು ಕಡೆ ಮೆಲ್ಲಗೆ ಬಾಗಿಸಿ. ದೀಪ ಮಿಣುಕಿದರೆ ಕಳ್ಳ ಸಿಕ್ಕಿದ. ಗೋಡೆಗೆ ಹಾಕಿದಾಗ ಉರಿಯುವ ದೀಪ ಲ್ಯಾಪ್‌ಟಾಪಿಗೆ ಸಿಕ್ಕಿಸಿದೊಡನೆ ಆರಿದರೆ ಮಾತು ಬೇರೆ. ಯಂತ್ರದೊಳಗೆ ಎಲ್ಲೋ ಶಾರ್ಟ್ ಆಗಿ ಅಡಾಪ್ಟರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರಬಹುದು, ಅಥವಾ ಅಡಾಪ್ಟರಿಗೇ ಭಾರ ಹೊರುವ ತ್ರಾಣ ಉಳಿದಿಲ್ಲದಿರಬಹುದು. ಮಲ್ಟಿಮೀಟರಿನಲ್ಲಿ ಸರಿಯಾಗಿ 19.5 ತೋರಿಸುವ ಅಡಾಪ್ಟರೂ ಕೆಲಸಕ್ಕೆ ಹಚ್ಚಿದಾಗ ಮಂಡಿಯೂರುವುದುಂಟು. ಹಾಗಾಗಿ ಮೀಟರಿಗಿಂತ ನಂಬಿಕೆಯ ಪರೀಕ್ಷೆ ಎಂದರೆ ಅದೇ ಮಾದರಿಯ ಇನ್ನೊಬ್ಬರ ಚಾರ್ಜರ್ ತಂದು ಹಾಕಿ ನೋಡುವುದು. ಕಾಲನಿಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಿಗದ ಚಾರ್ಜರ್ ಅಪರೂಪ.

ಯುಎಸ್‌ಬಿ–ಸಿ ಬಾಯಿಯ ಯಂತ್ರಗಳಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮೊದಲು ಮಾತಾಡಿಕೊಂಡು 5, 9, 15, 20 ವೋಲ್ಟುಗಳಲ್ಲಿ ಯಾವುದು ಎಂದು ಒಪ್ಪಂದಕ್ಕೆ ಬರುತ್ತವೆ. ಮೊಬೈಲಿನ ಚಾರ್ಜರಿಗೆ 20 ವೋಲ್ಟ್ ಕೊಡುವ ಶಕ್ತಿ ಹೆಚ್ಚಾಗಿ ಇರುವುದಿಲ್ಲ. ಕೇಬಲ್ಲಿನಲ್ಲೂ ಜಾತಿಗಳಿವೆ. 60 ವಾಟಿಗಿಂತ ಹೆಚ್ಚು ಸಾಗಿಸಬೇಕಾದರೆ ಅದರೊಳಗೆ ಗುರುತಿನ ಚಿಪ್ ಇರಲೇಬೇಕು. ಚಾರ್ಜರ್ ಒಳ್ಳೆಯದಿದ್ದೂ ಚಾರ್ಜು ನಿಧಾನವಾದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು.

ಉಪ್ಪುಗಾಳಿಯ ಕೈವಾಡ

ಆಂಟಾಪ್ ಹಿಲ್ ಪಕ್ಕದಲ್ಲೇ ಸಾಲ್ಟ್ ಪ್ಯಾನ್ ರೋಡ್ ಇದೆ. ವಡಾಲದ ಉಪ್ಪಿನ ಗದ್ದೆಗಳು, ಅದರಾಚೆ ಖಾರಿ, ಅದರಾಚೆ ಮಾಹುಲ್ ಮತ್ತು ಟ್ರಾಂಬೆ. ಕಿಟಕಿಯ ಗ್ರಿಲ್ಲಿಗೆ ವರ್ಷವರ್ಷ ಬಣ್ಣ ಬಳಿಯಬೇಕಾದ ಈ ಊರಿನಲ್ಲಿ ಲ್ಯಾಪ್‌ಟಾಪಿನ ಜ್ಯಾಕ್ ಒಂದಕ್ಕೇ ತುಕ್ಕು ಹಿಡಿಯದೇ ಇರುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಳಿಯ ತೇವ, ಉಪ್ಪು, ಧೂಳು ಮೂರೂ ಸೇರಿ ಲೋಹದ ಮೇಲೆ ಹಸಿರು ಇಲ್ಲವೇ ಬಿಳಿ ಪುಡಿ ಕಟ್ಟುತ್ತವೆ. ಅಲ್ಲಿ ಕರೆಂಟಿಗೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದ ಕಡೆ ಬಿಸಿ, ಬಿಸಿಯಾದ ಕಡೆ ಬೆಸುಗೆ ಬಿರುಕು.

ಟಾರ್ಚ್ ಹಿಡಿದು ಜ್ಯಾಕಿನೊಳಗೆ ನೋಡಿ. ಕಪ್ಪು ಸುಟ್ಟ ಗುರುತು, ಪುಡಿ, ವಾಲಿದ ಪಿನ್ನು ಏನಾದರೂ ಇದೆಯೇ? ಚಾರ್ಜರ್ ಸಿಕ್ಕಿಸಿ ಕೈಬಿಟ್ಟರೆ ಪಿನ್ನು ಜೋತುಬೀಳುತ್ತದೆಯೇ? ಒಂದು ಕೋನದಲ್ಲಿ ಹಿಡಿದಾಗ ಮಾತ್ರ ಚಾರ್ಜ್ ಆಗುತ್ತದೆಯೇ? ಹೌದಾದರೆ ದೋಷ ಬ್ಯಾಟರಿಯದ್ದಲ್ಲ. ಬಹಳಷ್ಟು ಮಾದರಿಗಳಲ್ಲಿ ಈ ಜ್ಯಾಕ್ ಒಂದು ಪುಟ್ಟ ವಯರಿನ ತುದಿಯಲ್ಲಿರುತ್ತದೆ, ಇಡೀ ತುಣುಕನ್ನೇ ಬಿಚ್ಚಿ ಹೊಸದು ಹಾಕಬಹುದು. ಮದರ್‌ಬೋರ್ಡಿಗೇ ಬೆಸೆದಿದ್ದರೆ ಕೈಪಳಗಿದವರು ಮತ್ತೆ ಬೆಸೆಯಬೇಕು. ಎರಡೂ ಸಣ್ಣ ರಿಪೇರಿಗಳೇ. ಪುಡಿ ಕಟ್ಟಿದ್ದರೆ ಚಾರ್ಜರ್ ಕಿತ್ತು, ಯಂತ್ರ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಕಿಸಿದ ಮೃದು ಬ್ರಶ್ಶಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ನೀರು, ತೆಂಗಿನೆಣ್ಣೆ, ಪಿನ್ನು ಚುಚ್ಚುವುದು ಯಾವುದೂ ಬೇಡ.

ಚಾರ್ಜು ತಡೆದವರು ನೀವೇ ಇರಬಹುದು

‘ಅರವತ್ತಕ್ಕೆ ನಿಂತಿದೆ, ಮೇಲೆ ಹೋಗುತ್ತಲೇ ಇಲ್ಲ’ ಎಂಬ ದೂರು ಬಂದರೆ ಮೊದಲು ಸೆಟ್ಟಿಂಗ್ ನೋಡಬೇಕು. ಬ್ಯಾಟರಿ ಬಾಳಲಿ ಎಂದು ಈಗ ಬಹುತೇಕ ಕಂಪನಿಗಳು ಚಾರ್ಜಿಗೆ ಮಿತಿ ಹಾಕುವ ಸೌಲಭ್ಯ ಕೊಡುತ್ತವೆ. ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್, ಏಸಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್, ಎಚ್‌ಪಿಯಲ್ಲಿ ಬಯೋಸ್‌ನೊಳಗಿನ ಬ್ಯಾಟರಿ ಹೆಲ್ತ್ ಮ್ಯಾನೇಜರ್. ಅಣ್ಣ ಯಾವಾಗಲೋ ಆನ್ ಮಾಡಿಟ್ಟದ್ದು ತಂಗಿಗೆ ದೋಷವಾಗಿ ಕಂಡಿರುತ್ತದೆ. ಅದು ದೋಷವಲ್ಲ, ಉಪಕಾರ.

ಸೆಟ್ಟಿಂಗ್ ಸರಿಯಿದ್ದೂ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದೇ ತೋರಿಸುತ್ತಿದ್ದರೆ ಯಂತ್ರದ ಕಾವಲುಗಾರನನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕು. ಪ್ರತಿ ಲ್ಯಾಪ್‌ಟಾಪಿನಲ್ಲೂ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ ಇದೆ. ಯಂತ್ರ ಆಫ್ ಆಗಿದ್ದಾಗಲೂ ಅದು ಎಚ್ಚರವಿದ್ದು ಚಾರ್ಜು, ಫ್ಯಾನು, ಪವರ್ ಬಟನ್ ನೋಡಿಕೊಳ್ಳುತ್ತದೆ. ಕರೆಂಟು ಏರುಪೇರಾದಾಗ ಅದಕ್ಕೆ ಒಮ್ಮೊಮ್ಮೆ ಭ್ರಮೆ ಹಿಡಿಯುತ್ತದೆ. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಹೊರಗೆ ತೆಗೆಯುವಂಥ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಎಲ್ಲವನ್ನೂ ಜೋಡಿಸಿ ಆನ್ ಮಾಡಿ. ಥಿಂಕ್‌ಪ್ಯಾಡ್‌ನ ಹಲವು ಮಾದರಿಗಳಲ್ಲಿ ಇದಕ್ಕೆಂದೇ ಕೆಳಭಾಗದಲ್ಲಿ ಸೂಜಿ ಹೋಗುವಷ್ಟು ರಂಧ್ರವಿರುತ್ತದೆ. ವಿಂಡೋಸ್‌ನವರು ಡಿವೈಸ್ ಮ್ಯಾನೇಜರ್‌ನ ಬ್ಯಾಟರಿ ವಿಭಾಗದಲ್ಲಿ ‘ಎಸಿಪಿಐ ಕಂಪ್ಲಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ’ ಎಂಬುದನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಬಹುದು, ಅದು ತಾನಾಗಿಯೇ ಮರಳಿ ಕೂರುತ್ತದೆ. ಇಷ್ಟಕ್ಕೂ ಕಾಸು ಖರ್ಚಿಲ್ಲ.

ಬ್ಯಾಟರಿಯ ಜಾತಕ

ದಾರಿಯೆಲ್ಲ ಸರಿಯಿದ್ದರೆ ಈಗ ಬ್ಯಾಟರಿಯ ಸರದಿ. ಇದರ ಆರೋಗ್ಯ ತಿಳಿಯಲು ಯಾರ ಬಾಯಿಮಾತೂ ಬೇಡ, ಯಂತ್ರವೇ ಲೆಕ್ಕ ಬರೆದಿಟ್ಟಿರುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಪವರ್’ ಎಂಬ ಪದಕ್ಕೆ ಸಿ, ಎಫ್, ಜಿ ಅಂಟಿಸಿ, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೀಟು ಹಾಕಿ, ‘ಬ್ಯಾಟರಿ ರಿಪೋರ್ಟ್’ ಎಂಬ ಎರಡು ಪದಗಳನ್ನು ಕೂಡಿಸಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದು ಕಡತ ತಯಾರಾಗಿ, ಅದು ಎಲ್ಲಿದೆ ಎಂದೂ ತೋರಿಸುತ್ತದೆ. ಆಪಲ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್‌ನ ಪವರ್ ಭಾಗದಲ್ಲಿ, ಲಿನಕ್ಸ್‌ನಲ್ಲಿ ಪವರ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇಂಥದೇ ವಿವರ ಸಿಗುತ್ತದೆ.

ನೋಡಬೇಕಾದದ್ದು ಎರಡು ಸಂಖ್ಯೆ. ‘ಡಿಸೈನ್ ಕೆಪಾಸಿಟಿ’ ಎಂದರೆ ಹೊಸತಿದ್ದಾಗ ಇದ್ದ ಹೊಟ್ಟೆ. ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗಿನ ಹೊಟ್ಟೆ. ಮೊದಲನೆಯದು 41,000 ಮಿಲಿವಾಟ್–ಅವರ್, ಎರಡನೆಯದು 18,450 ಎಂದಿದ್ದರೆ ಉಳಿದಿರುವುದು ಶೇ 45. ಪರದೆಯ ಮೂಲೆಯಲ್ಲಿ ನೂರು ಎಂದು ತೋರಿಸಿದರೂ ಅದು ಈ ಕುಗ್ಗಿದ ಹೊಟ್ಟೆಯ ನೂರು. ಶೇ 80ರ ಮೇಲಿದ್ದರೆ ಬ್ಯಾಟರಿಗೆ ಕೈ ಹಾಕಬೇಡಿ, ದೋಷ ಬೇರೆ ಕಡೆ ಇದೆ. 60ರ ಆಸುಪಾಸಿದ್ದರೆ ಇನ್ನೂ ದಿನ ದೂಡಬಹುದು. 50ರ ಕೆಳಗೆ ಇಳಿದಿದ್ದರೆ ಹೊಸದಕ್ಕೆ ಕಾಸು ಕೂಡಿಡಿ.

ಯಾಕೆ ಕುಗ್ಗುತ್ತದೆ? ಲ್ಯಾಪ್‌ಟಾಪಿನಲ್ಲಿರುವ ಲಿಥಿಯಂ–ಅಯಾನ್ ಬಗೆಯ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಬುನಾದಿ ಹಾಕಿದ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಈ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಚಾರ್ಜ್ ಮಾಡುವಾಗ ಗ್ರಾಫೈಟ್ ಕಡೆಗೆ, ಬಳಸುವಾಗ ಮರಳಿ ಇನ್ನೊಂದು ಕಡೆಗೆ ಓಡಾಡುತ್ತವೆ. ಗ್ರಾಫೈಟಿನ ಮೇಲೆ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಅದು ಬೇಕು, ಕಾಪಾಡುವುದೇ ಅದು. ಆದರೆ ವರ್ಷಗಳು ಕಳೆದಂತೆ ದಪ್ಪವಾಗುತ್ತಾ, ಓಡಾಡಬೇಕಾದ ಲಿಥಿಯಮನ್ನೇ ನುಂಗುತ್ತಾ ಹೋಗುತ್ತದೆ. ಶಾಖ ಹೆಚ್ಚಿದಷ್ಟೂ, ಚಾರ್ಜು ತುಂಬಿ ತುಳುಕುತ್ತಿದ್ದಷ್ಟೂ ಈ ನುಂಗಾಟ ಜೋರು. ಸ್ಥೂಲವಾಗಿ ಹೇಳುವ ಲೆಕ್ಕವೊಂದಿದೆ: 25 ಡಿಗ್ರಿಯಲ್ಲಿ ಶೇ 40 ಚಾರ್ಜಿನಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿ ಶೇ 4ರಷ್ಟು ಕಳೆದುಕೊಂಡರೆ, 40 ಡಿಗ್ರಿಯಲ್ಲಿ ಪೂರ್ತಿ ಚಾರ್ಜಿನಲ್ಲಿ ಇಟ್ಟದ್ದು ಶೇ 35ರಷ್ಟು ಕಳೆದುಕೊಳ್ಳುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಹಾಸಿಗೆಯ ಮೇಲೆ, ಸದಾ ಚಾರ್ಜರಿನಲ್ಲಿರುವ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ 40 ಡಿಗ್ರಿ ದೊಡ್ಡ ಮಾತಲ್ಲ. ಮನೆಯಿಂದ ಹೊರಗೇ ಹೋಗದ, ಒಂದು ದಿನವೂ ದುಡಿಯದ ಬ್ಯಾಟರಿ ಸತ್ತದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಶೇ 30 ತೋರಿಸುತ್ತಿದ್ದಾಗಲೇ ಯಂತ್ರ ಧೊಪ್ಪನೆ ಆರುವುದಕ್ಕೂ ಕಾರಣವಿದೆ. ಮುದಿ ಬ್ಯಾಟರಿಯ ಒಳತಡೆ ಹೆಚ್ಚಿರುತ್ತದೆ. ಹಗುರ ಕೆಲಸ ಇರುವಷ್ಟು ಹೊತ್ತು ನಡೆದೀತು. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು ವಿಡಿಯೋ ಹಚ್ಚಿದೊಡನೆ ಕರೆಂಟಿನ ಬೇಡಿಕೆ ಏರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕಾವಲು ಸರ್ಕ್ಯೂಟ್ ಬಾಗಿಲು ಹಾಕುತ್ತದೆ. ಪರದೆಯ ಶೇಕಡಾ ಬರೀ ಅಂದಾಜು. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ತೀರಾ ಕೆಳಗಿನವರೆಗೆ ಬಳಸಿ, ಮತ್ತೆ ಪೂರ್ತಿ ತುಂಬಿಸಿದರೆ ಅಂದಾಜು ಸರಿಹೋಗುತ್ತದೆ. ಆದರೆ ಸರಿಹೋಗುವುದು ಲೆಕ್ಕ ಮಾತ್ರ, ಕಳೆದುಹೋದ ಶಕ್ತಿ ಮರಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಬ್ಯಾಟರಿ ಚೇತರಿಸುತ್ತದೆ ಎಂಬ ಮನೆಮದ್ದನ್ನು ನಂಬಬೇಡಿ. ಹೊರ ತೆಗೆದೊಡನೆ ತೇವ ಕಟ್ಟಿಕೊಂಡು ಇನ್ನಷ್ಟು ಕೆಡುತ್ತದೆ.

ಉಬ್ಬಿದ್ದರೆ ಶೋಧ ನಿಲ್ಲಿಸಿ

ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ. ಮೇಜಿನ ಮೇಲಿಟ್ಟರೆ ಯಂತ್ರ ತೊಟ್ಟಿಲಾಡುತ್ತದೆ. ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಇವು ಬ್ಯಾಟರಿಯೊಳಗೆ ಅನಿಲ ತುಂಬಿ ಉಬ್ಬಿರುವ ಲಕ್ಷಣ. ಇಲ್ಲಿ ಯಾವ ಪ್ರಯೋಗವೂ ಬೇಡ. ಆಫ್ ಮಾಡಿ, ಚಾರ್ಜರ್ ಕಿತ್ತುಬಿಡಿ, ಮತ್ತೆ ಚಾರ್ಜ್ ಮಾಡಬೇಡಿ. ಉಬ್ಬನ್ನು ಒತ್ತುವುದು, ಗಾಳಿ ಬಿಡಲೆಂದು ಚುಚ್ಚುವುದು ಬೆಂಕಿಯನ್ನು ಕರೆದಂತೆ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಹೊಗೆ ವಿಷ. ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರ್‌ಗಳಿಂದ ದೂರ, ಕಲ್ಲಿನ ನೆಲದ ಮೇಲಿಟ್ಟು, ಬೇಗ ರಿಪೇರಿಯವರಿಂದ ತೆಗೆಸಿ. ಇಕ್ಕಟ್ಟಿನ ಖೋಲಿಯಲ್ಲಿ ರಾತ್ರಿಯಿಡೀ ಮಂಚದ ಮೇಲೆ ಚಾರ್ಜಿಗಿಟ್ಟು ಮಲಗುವ ಅಭ್ಯಾಸವಿದ್ದರೆ, ಹಳೆಯ ಬ್ಯಾಟರಿಯ ವಿಷಯದಲ್ಲಂತೂ ಅದನ್ನು ಇಂದೇ ಬಿಡಬೇಕು.

ತೆಗೆದ ಬ್ಯಾಟರಿ ಕಸದ ಡಬ್ಬಕ್ಕೆ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಉಳಿದ ಕಸದಿಂದ ಬೇರ್ಪಡಿಸಿ ಸಂಗ್ರಹ ಇಲ್ಲವೇ ಮರುಬಳಕೆ ಮಾಡುವವರಿಗೆ ಕೊಡುವುದು ಬಳಕೆದಾರರ ಹೊಣೆ, ಹಿಂಪಡೆಯುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆ. ಕಸದ ಲಾರಿಯಲ್ಲಿ ಜಜ್ಜಿದ ಬ್ಯಾಟರಿ ಹೊತ್ತಿಕೊಂಡರೆ ಸುಡುವುದು ಅದನ್ನು ಎತ್ತುವ ಸಫಾಯಿ ಕೆಲಸದವರ ಕೈ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅಥವಾ ಇ–ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೊಡಿ.

ಲ್ಯಾಮಿಂಗ್ಟನ್ ರೋಡಿನಲ್ಲಿ

ಬದಲಿಸಲೇಬೇಕು ಎಂದಾದರೆ ಮುಂಬಯಿಯವರ ಕಾಲು ಗ್ರ್ಯಾಂಟ್ ರೋಡ್ ಸ್ಟೇಷನ್ನಿನತ್ತ ಹೊರಡುತ್ತದೆ. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬ ಹೆಸರು ಬೋರ್ಡಿನಲ್ಲಿ, ಜನರ ಬಾಯಲ್ಲಿ ಲ್ಯಾಮಿಂಗ್ಟನ್ ರೋಡ್. ಅಲ್ಲಿ ಮೊದಲು ಎದುರಾಗುವ ಪ್ರಶ್ನೆ, ‘ಒರಿಜಿನಲ್ ಚಾಹಿಯೆ ಕಿ ಕಂಪ್ಯಾಟಿಬಲ್?’ ಎರಡರ ಬೆಲೆಗೂ ಅಜಗಜಾಂತರ. ಕಂಪ್ಯಾಟಿಬಲ್ ಎಂದರೆ ಕೆಟ್ಟದ್ದೆಂದೇನಲ್ಲ, ಬೇರೆ ಕಂಪನಿ ಮಾಡಿದ್ದು ಎಂದಷ್ಟೇ. ಕೆಟ್ಟದ್ದು ಯಾವುದೆಂದರೆ ಒರಿಜಿನಲ್ ಎಂಬ ಸ್ಟಿಕ್ಕರ್ ಅಂಟಿಸಿಕೊಂಡ ನಕಲಿ, ಮತ್ತು ಹಳೆಯ ಕವಚದೊಳಗೆ ಯಾವುದೋ ಸೆಲ್ ತುಂಬಿ ಮುಚ್ಚಿದ ಸರಕು.

ಗುರುತಿಸುವ ದಾರಿಗಳಿವೆ. ಲ್ಯಾಪ್‌ಟಾಪಿನ ಮಾದರಿ ಹೆಸರು ಸಾಲದು, ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್, ವೋಲ್ಟ್, ವಾಟ್–ಅವರ್ ಮೂರೂ ಹೊಂದಬೇಕು. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನಕದ ಪ್ರಕಾರ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ಲಿನ ಮೇಲೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ತಯಾರಾದ ತಿಂಗಳು, ವರ್ಷ ನೋಡಿ. ಕಪಾಟಿನಲ್ಲಿ ಮೂರು ವರ್ಷ ಕೂತ ‘ಹೊಸ’ ಬ್ಯಾಟರಿ ಹೊಸದಲ್ಲ. ಹಾಕಿಸಿದ ಮೇಲೆ ಅಂಗಡಿಯಲ್ಲೇ ನಿಂತು ಆ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಎರಡು ಸಂಖ್ಯೆಗಳೂ ಹತ್ತಿರ ಹತ್ತಿರ ಇರಬೇಕು, ಬ್ಯಾಟರಿ ಎಷ್ಟು ಸಲ ತುಂಬಿ ಖಾಲಿಯಾಗಿದೆ ಎಂಬ ಸೈಕಲ್ ಕೌಂಟ್ ತೋರಿಸುವ ಯಂತ್ರವಾದರೆ ಅದು ಸೊನ್ನೆಯ ಆಸುಪಾಸಿರಬೇಕು. ನೀವು ಇದನ್ನು ಮಾಡುವುದು ಕಂಡರೆ ಗಲ್ಲಾದಲ್ಲಿ ಕೂತವರ ಮಾತಿನ ಧಾಟಿಯೇ ಬದಲಾಗುತ್ತದೆ. ವಾರಂಟಿ ಬಾಯಲ್ಲಿ ಬೇಡ, ಬಿಲ್ಲಿನಲ್ಲಿರಲಿ.

‘ಒಳಗಿನ ಸೆಲ್ ಮಾತ್ರ ಬದಲಿಸಿಕೊಡುತ್ತೇವೆ, ಅಗ್ಗವಾಗುತ್ತದೆ’ ಎನ್ನುವವರೂ ಸಿಗುತ್ತಾರೆ. ಬ್ಯಾಟರಿಯ ಕಾವಲು ಬೋರ್ಡು ಎಷ್ಟೋ ಸಲ ಹೊಸ ಸೆಲ್ಲುಗಳನ್ನು ಒಪ್ಪದೇ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಒಪ್ಪಿದರೂ ಸಮವಲ್ಲದ ಸೆಲ್ಲುಗಳನ್ನು ಜೋಡಿಸಿದ್ದರೆ ಅಪಾಯ. ಲ್ಯಾಪ್‌ಟಾಪಿನ ಮಟ್ಟಿಗೆ ಈ ಉಳಿತಾಯ ಬೇಡ.

ಖರ್ಚು ಮಾಡುವ ಮೊದಲು ಯಂತ್ರದ ಆಯುಸ್ಸನ್ನೂ ತೂಗಿ ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಬ್ಯಾಟರಿ ಹಾಕಿಸಿ, ಯಂತ್ರ ಇನ್ನೂ ನಾಲ್ಕು ವರ್ಷ ಓದು ಬರಹಕ್ಕೆ ಒದಗೀತು. ಮನೆ ಬಿಟ್ಟು ಕದಲದ ಯಂತ್ರವಾದರೆ ಕೆಟ್ಟ ಬ್ಯಾಟರಿ ತೆಗೆಸಿ ಬರೀ ಚಾರ್ಜರಿನಲ್ಲೇ ಓಡಿಸಬಹುದು. ಬಹಳಷ್ಟು ಮಾದರಿಗಳು ಓಡುತ್ತವೆ, ಕೆಲವು ವೇಗ ತಗ್ಗಿಸಿಕೊಳ್ಳುತ್ತವೆ. ವಯರು ಕಾಲಿಗೆ ಸಿಕ್ಕಿ ಕಿತ್ತುಬಂದರೆ ಟೈಪಿಸಿದ್ದೆಲ್ಲ ಹೋಯಿತು ಎಂಬುದು ನೆನಪಿರಲಿ. ಚಾರ್ಜಿಂಗ್ ಚಿಪ್ಪೇ ಸುಟ್ಟಿದೆ, ಮದರ್‌ಬೋರ್ಡ್ ಬದಲಿಸಬೇಕು ಎಂದರೆ ಮಾತ್ರ ಎರಡನೇ ಅಂಗಡಿಯಲ್ಲಿ ವಿಚಾರಿಸದೇ ಒಪ್ಪಬೇಡಿ. ಚಿಪ್ ಮಟ್ಟದ ಕೆಲಸ ಬಲ್ಲವರು ಬೋರ್ಡು ಉಳಿಸಿಕೊಡುವುದುಂಟು.

ಹೊಸ ಬ್ಯಾಟರಿ ಬಂದ ಮೇಲೆ

ಸದಾ ಚಾರ್ಜರಿನಲ್ಲೇ ಇರುವ ಯಂತ್ರಕ್ಕೆ ಮಿತಿ 80ಕ್ಕೆ ಹಾಕಿಬಿಡಿ. ಹಾಸಿಗೆ, ದಿಂಬು ಬಿಟ್ಟು ಗಟ್ಟಿ ಹಲಗೆಯ ಮೇಲಿಡಿ, ಕೆಳಗಿನ ಗಾಳಿಕಿಂಡಿಯ ಧೂಳು ತೆಗೆಸಿ. ಮೇ ರಜೆಗೆ ಊರಿಗೆ ಹೋಗುವಾಗ ಯಂತ್ರ ಇಲ್ಲೇ ಬಿಡುವುದಾದರೆ ಅರ್ಧ ಚಾರ್ಜಿನಲ್ಲಿ, ಆಫ್ ಮಾಡಿ, ಚಾರ್ಜರ್ ಕಿತ್ತು ಕಪಾಟಿನಲ್ಲಿಡಿ. ವಿಮಾನದಲ್ಲಿ ಬಿಡಿ ಬ್ಯಾಟರಿ ಒಯ್ಯುವವರು ಅದನ್ನು ಕೈಚೀಲದಲ್ಲೇ ಇಡಬೇಕು, ಚೆಕ್–ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ತಿಂಗಳಿಗೊಂದು ಸಂಜೆ ಚಾರ್ಜರ್ ತೆಗೆದು, ಎಷ್ಟು ಹೊತ್ತು ಓಡುತ್ತದೆ ನೋಡಿ ಬರೆದಿಡಿ. ಬ್ಯಾಟರಿ ಎಷ್ಟರಮಟ್ಟಿಗೆ ಸೊರಗಿದೆ ಎಂದು ಹೇಳುವ ಪರೀಕ್ಷೆಯನ್ನು ಈ ಊರಿನಲ್ಲಿ ಬೆಸ್ಟ್ ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಅಂಗಡಿಗೆ ಹೊರಡುವುದಾದರೆ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಹೆಸರು, ಅಡಾಪ್ಟರಿನ ಔಟ್‌ಪುಟ್ ಸಾಲು, ಬ್ಯಾಟರಿ ರಿಪೋರ್ಟಿನ ಎರಡು ಸಂಖ್ಯೆ, ಬೇರೆ ಚಾರ್ಜರ್ ಹಾಕಿದಾಗ ಏನಾಯಿತು, ಯಾವ ಕೆಲಸ ಮಾಡುವಾಗ ಆರುತ್ತದೆ. ‘ಸರಿ ಇಲ್ಲ, ಸ್ವಲ್ಪ ನೋಡಿ’ ಎಂದು ಯಂತ್ರ ಒಪ್ಪಿಸಿ ಬಂದರೆ ಅವರಿಗೆ ಸುಲಭವಾದದ್ದನ್ನು ಅವರು ಬದಲಿಸುತ್ತಾರೆ. ಚೀಟಿ ಕೊಟ್ಟರೆ ಕೆಟ್ಟದ್ದನ್ನು ಬದಲಿಸುತ್ತಾರೆ.